ರಜಾ ಅರ್ಜಿಗೊಂದು ರಾಗ

ಮೊನ್ನೆ ನಮ್ಮ ಕಟ್ಟಡದ ಮೆಟ್ಟಿಲ ಪಕ್ಕದ ಗೋಡೆಗೆ ಯಾರೋ ಒಂದು ಚೀಟಿ ಅಂಟಿಸಿದ್ದರು. 'ಎಲ್ಲರ ಗಮನಕ್ಕೆ. ನಾಳೆ ಮೇಲಿನ ತೊಟ್ಟಿ ತೊಳೆಯುವುದರಿಂದ ಮಧ್ಯಾಹ್ನದವರೆಗೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ದಯವಿಟ್ಟು ಸಹಕರಿಸಿ.' ಇಷ್ಟೇ ವಿಷಯ. ಉಳಿದವರೆಲ್ಲ ಓದಿದರು, ಎರಡು ಬಕೆಟ್ ಹೆಚ್ಚು ನೀರು ಹಿಡಿದಿಟ್ಟುಕೊಂಡರು, ಮರೆತರು. ನಾನು ಮಾತ್ರ ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತೆ. 'ಎಲ್ಲರ ಗಮನಕ್ಕೆ' ಎಂಬುದನ್ನು ಮೇಲಿನಿಂದ ಕರೆದ ಹಾಗೆ ಎತ್ತಿಕೊಳ್ಳಬೇಕು, 'ದಯವಿಟ್ಟು' ಎಂಬಲ್ಲಿ ಸ್ವಲ್ಪ ಇಳಿಯಬೇಕು, 'ನೀರು ಬರುವುದಿಲ್ಲ' ಎಂಬುದನ್ನು ತುಸು ಎಳೆಯಬೇಕು, ಏಕೆಂದರೆ ಆ ಚೀಟಿಯ ದುಃಖವೆಲ್ಲ ಇರುವುದು ಅಲ್ಲಿಯೇ. ಹೀಗೆ ಗುನುಗುತ್ತ ಎಷ್ಟು ಹೊತ್ತು ನಿಂತಿದ್ದೆನೋ, ಮೇಲಿನ ಮನೆಯ ಸರೋಜಮ್ಮ ಇಳಿದು ಬಂದು, "ಏನ್ರೀ ಗಿರಿಜಾ, ಕನ್ನಡಕ ತಂದಿಲ್ವಾ? ನಾನು ಓದಿ ಹೇಳ್ಲಾ?" ಎಂದು ಕೇಳಿದರು.

ಕನ್ನಡಕ ಮೂಗಿನ ಮೇಲೆಯೇ ಇತ್ತು. ಆದರೆ ತೊಟ್ಟಿ ತೊಳೆಯುವ ಚೀಟಿಗೆ ರಾಗ ಹಾಕುತ್ತಿದ್ದೆ ಎಂದು ಹೇಳಿದರೆ ಸಂಜೆಯೊಳಗೆ ಮೂರು ಮಹಡಿಗೂ ಸುದ್ದಿ ತಲುಪುತ್ತದೆ. "ಅಕ್ಷರ ಸಣ್ಣದು ನೋಡಿ" ಎಂದು ತಪ್ಪಿಸಿಕೊಂಡು ಬಂದೆ. ಇದು ನನ್ನ ಹಳೆಯ ಚಾಳಿ. ಔಷಧಿ ಬಾಟಲಿಯ ಮೇಲಿನ 'ಚೆನ್ನಾಗಿ ಕುಲುಕಿ'ಗೆ, ಬಸ್ಸಿನೊಳಗಿನ 'ಕೈ ಮತ್ತು ತಲೆ ಹೊರಗೆ ಹಾಕಬೇಡಿ'ಗೆ, ಮದುವೆ ಕರೆಯೋಲೆಯ 'ತಮ್ಮ ಆಗಮನಾಭಿಲಾಷಿಗಳು' ಎಂಬುದಕ್ಕೆ, ಎಲ್ಲಕ್ಕೂ ನನ್ನೊಳಗೆ ಯಾರೋ ಕುಳಿತು ರಾಗ ಹಚ್ಚುತ್ತಲೇ ಇರುತ್ತಾರೆ. ಮದುವೆಯಾದ ಹೊಸದರಲ್ಲಿ ನಮ್ಮ ಮನೆಯವರು ಇದನ್ನು ನೋಡಿ ಗಾಬರಿಯಾಗಿದ್ದರು. ಈಗ ಅವರಿಗೆ ಅಭ್ಯಾಸವಾಗಿದೆ. ವಿದ್ಯುತ್ ಬಿಲ್ಲು ಹಿಡಿದು ನಾನು ಸುಮ್ಮನೆ ಕೂತರೆ, "ಪಲ್ಲವಿ ಆಯ್ತಾ? ಕಟ್ಟಿ ಬರ್ಲಾ, ಇಲ್ಲ ಚರಣ ಬಾಕಿ ಇದೆಯಾ?" ಎನ್ನುತ್ತಾರೆ.

ಇದಕ್ಕೆಲ್ಲ ಕಾರಣ ಸುಶೀಲಮ್ಮ ಟೀಚರ್. ಅರಸೀಕೆರೆಯ ನಮ್ಮ ಹೈಸ್ಕೂಲಿನಲ್ಲಿ ಅವರು ಸಂಗೀತದ ಟೀಚರಾಗಿದ್ದರು. ಒಂದು ದಿನ ಬೆಳಗಿನ ಪ್ರಾರ್ಥನೆಯಲ್ಲಿ ನಾನು ಎರಡನೆಯ ಸಾಲನ್ನು ಬೇರೆ ಥರ ಹಾಡಿಬಿಟ್ಟೆ. ಬೇಕೆಂದು ಮಾಡಿದ್ದಲ್ಲ, ಅರೆನಿದ್ದೆಯಲ್ಲಿ ಬಾಯಿ ಎತ್ತಲೋ ಹೋಯಿತು. ಪಕ್ಕದಲ್ಲಿದ್ದವರೂ ನನ್ನ ಹಿಂದೆಯೇ ಬಂದರು. ಹೆಡ್‌ಮಾಸ್ಟರಿಗೆ ತಿಳಿಯಲಿಲ್ಲ, ಟೀಚರಿಗೆ ತಿಳಿಯಿತು. ಕರೆದು, "ಯಾರು ಹೇಳ್ಕೊಟ್ಟಿದ್ದು ಹಂಗೆ ಹಾಡು ಅಂತ?" ಎಂದು ಕೇಳಿದರು. "ಯಾರೂ ಇಲ್ಲ ಟೀಚರ್, ಹಂಗೇ ಬಂತು" ಎಂದೆ. ಅಂಗೈ ಮುಂದೆ ಚಾಚಿಯೂ ಆಗಿತ್ತು. ಅವರು ಹೊಡೆಯಲಿಲ್ಲ. ನನ್ನನ್ನು ಒಂದು ಗಳಿಗೆ ನೋಡಿ, "ಬಂದಿದ್ದು ಪೂರ್ತಿ ಬರಲಿಲ್ಲ ನಿಂಗೆ. ಅರ್ಧಕ್ಕೆ ಓಡಿಬಿಟ್ಟೆ" ಎಂದು ಹೇಳಿ ಕಳಿಸಿದರು. ಅವತ್ತಿನಿಂದ ನಾನು ಅವರ ಹಿಂದೆ ಬಿದ್ದೆ.

ನಾನು ಕಾಲೇಜು ಮೆಟ್ಟಿಲು ಹತ್ತುವ ಹೊತ್ತಿಗೆ ಟೀಚರ್ ನಿವೃತ್ತರಾಗಿ ಹಳೇಬೀಡಿನಲ್ಲಿದ್ದ ಗಂಡನ ಮನೆಗೆ ಹೊರಟುಹೋದರು. ಹಾಡುವುದನ್ನು ಕಲಿಸುವವರು ಅರಸೀಕೆರೆಯಲ್ಲಿ ಬೇಕಾದಷ್ಟು ಜನ ಇದ್ದರು. ಹಾಡು ಕಟ್ಟುವುದನ್ನು, ಬರಿಯ ಮಾತಿಗೆ ರಾಗ ಕೂಡಿಸುವುದನ್ನು ಕಲಿಸುವವರು ಅವರೊಬ್ಬರೇ. ಅಪ್ಪ ನಮ್ಮೂರಿನ ಕೊಬ್ಬರಿ ಮಂಡಿಯವರು. ನನ್ನನ್ನು ಹಳೇಬೀಡಿಗೆ ಪಾಠಕ್ಕೆ ಕಳಿಸುವಂತೆ ಅವರನ್ನು ಒಪ್ಪಿಸಲು ಅವ್ವ ಹದಿನೈದು ದಿನ ತೆಗೆದುಕೊಂಡರು. ಕೊನೆಗೆ ಅಪ್ಪ ಒಂದು ತೀರ್ಪು ಕೊಟ್ಟರು. "ಡಿಗ್ರಿ ಮುಗಿಯೋಗಂಟ ಭಾನುವಾರ ಭಾನುವಾರ ಹೋಗ್ಲಿ. ಆಮೇಲೆ ಹಾಡೂ ಬ್ಯಾಡ, ಬಸ್ಸೂ ಬ್ಯಾಡ." ಮೂರು ವರ್ಷ ಎಂದರೆ ಆಗ ನನಗೆ ಒಂದು ಇಡೀ ಆಯುಷ್ಯದಂತೆ ಕಂಡಿತ್ತು. ಕುಣಿದುಕೊಂಡು ಒಪ್ಪಿದೆ.

ಅಪ್ಪನಿಗೆ ಸಂಗೀತ ತಿಳಿಯದು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ನನಗೆ ಹಾಗನ್ನಿಸಿದ್ದಿಲ್ಲ. ನಮ್ಮ ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಿ ಒಣಗುತ್ತಿದ್ದವು. ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೇ ಎಂದು ತಿಳಿಯಲು ಅಪ್ಪ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಲೊಟಲೊಟ ಎಂದರೆ ಆಯಿತು, ಸುಮ್ಮನಿದ್ದರೆ ಇನ್ನೂ ಆಗಿಲ್ಲ. ಚಿಕ್ಕವಳಾಗಿದ್ದಾಗ ನಾನೂ ಅವರ ಪಕ್ಕ ಕೂತು ಕಾಯಿ ಕೇಳುತ್ತಿದ್ದೆ. ಆ ಅಟ್ಟದ ಅರೆಗತ್ತಲು, ಎಣ್ಣೆಯ ಕಮಟು, ಹೆಂಚಿನ ಸಂದಿಯಿಂದ ಬೀಳುವ ಬಿಸಿಲು ಕೋಲು, ಎಲ್ಲವೂ ಈಗ ಯೋಚಿಸಿದರೆ ನಿದ್ದೆ ಬರಿಸುವಷ್ಟು ಹಿತವಾಗಿವೆ.

ಕಾಲೇಜಿನ ದಿನಗಳಲ್ಲಿ ಮಾತ್ರ ನಿದ್ದೆಗೆ ಸಮಯ ಇರಲಿಲ್ಲ. ಬೆಳಿಗ್ಗೆ ಆರಕ್ಕೆ ರೈಲ್ವೆ ಸ್ಟೇಷನ್ ಹತ್ತಿರದ ಟೈಪಿಂಗ್ ಕ್ಲಾಸು. ಬಿ.ಎಸ್ಸಿ. ಜೊತೆಗೆ ಟೈಪಿಂಗ್ ಒಂದು ಇದ್ದರೆ ಎಲ್ಲಾದರೂ ಕೆಲಸ ಸಿಗುತ್ತದೆ ಎಂದು ನಂಬಿದ್ದ ಕಾಲ ಅದು. ಅಲ್ಲಿಂದ ಬಂದು ತಿಂಡಿ ತಿಂದು ಕಾಲೇಜು, ಮಧ್ಯಾಹ್ನ ಲ್ಯಾಬು, ಸಂಜೆ ಬೀದಿಯ ಮಕ್ಕಳಿಗೆ ಲೆಕ್ಕದ ಪಾಠ, ಆಮೇಲೆ ರೆಕಾರ್ಡ್ ಬರೆಯುವುದು. ಇವುಗಳ ನಡುವೆ ಎಲ್ಲಿ ಎರಡು ನಿಮಿಷದ ಬಿಡುವು ಸಿಕ್ಕಿತೋ ಅಲ್ಲಿ ರಾಗ ಕಟ್ಟುತ್ತಿದ್ದೆ. ಲ್ಯಾಬಿನಲ್ಲಿ ಬ್ಯೂರೆಟ್ಟಿನ ಕೊಳವೆಯಿಂದ ಹನಿ ಬೀಳುವಾಗ ಕಟ್ಟಿದೆ, ಗುಲಾಬಿ ಬಣ್ಣ ಬಂದ ಕೂಡಲೇ ನಿಲ್ಲಿಸಬೇಕಾದ ಹನಿಯನ್ನು ನಿಲ್ಲಿಸದೆ ಬೈಸಿಕೊಂಡೆ. ಮಕ್ಕಳು ಭಾಗಾಕಾರ ಮಾಡುವಾಗ ಕಟ್ಟಿದೆ, ತಪ್ಪು ಉತ್ತರಕ್ಕೆ ಸರಿ ಗುರುತು ಹಾಕಿದೆ. ಎಲ್ಲಕ್ಕಿಂತ ಹೆಚ್ಚು ಕಟ್ಟಿದ್ದು ಟೈಪಿಂಗ್ ಕ್ಲಾಸಿನಲ್ಲಿ. ಹತ್ತು ಯಂತ್ರಗಳು ಒಟ್ಟಿಗೆ ಟಕಟಕ ಎನ್ನುವಾಗ ನಾನು ಬಾಯಿ ಬಿಟ್ಟು ಹಾಡಿದರೂ ಯಾರಿಗೂ ಕೇಳಿಸುತ್ತಿರಲಿಲ್ಲ.

ಟೀಚರಿಗೆ ಅದೂ ಕೇಳಿಸಿತು. ನಾನು ಒಯ್ದ ರಾಗವೊಂದನ್ನು ಕೇಳಿ, "ನೀನು ಟೈಪಿಂಗ್ ಕಲೀತಿದ್ದೀಯಾ?" ಎಂದರು. ಹೌದೆಂದೆ. "ಅದಕ್ಕೇ. ಸಾಲು ಮುಗಿಯೋದರೊಳಗೆ ಟೈಪ್ ಮಿಷನ್ ಗಾಡಿ ತಳ್ಳಿದ ಹಾಗೆ ಮುಂದಿನ ಸಾಲಿಗೆ ಹೋಗ್ತೀಯ. ಉಸಿರೇ ತಗೊಳಲ್ಲ. ಸ್ವರ ಎಲ್ಲ ಸರಿ ಇದೆ ಕಣೇ, ಆದ್ರೆ ಯಾರೋ ಅಟ್ಟಿಸ್ಕೊಂಡು ಬಂದ ಹಾಗೆ ಹಾಡ್ತೀಯ."

ನಿಜಕ್ಕೂ ಅಟ್ಟಿಸಿಕೊಂಡು ಬರುತ್ತಿದ್ದವು. ಟೆಸ್ಟು, ರೆಕಾರ್ಡು, ಪ್ರಾಕ್ಟಿಕಲ್ಲು. ಅವರಿಗೆ ಅದನ್ನು ಹೇಳಲಿಲ್ಲ, ಹೇಳಿದರೆ 'ಹಾಗಾದ್ರೆ ಬರಬೇಡ' ಎಂದಾರು ಎಂಬ ಭಯ.

ಅವರ ಪಾಠ ಬೇರೆಯವರ ಪಾಠದ ಹಾಗೆ ಇರಲಿಲ್ಲ. ಮನೆಯಲ್ಲಿ ಹಾರ್ಮೋನಿಯಂ ಇತ್ತು, ಅದರ ಮೇಲೊಂದು ಹೂವಿನ ಬಟ್ಟೆ ಹೊದಿಸಿ ಕಾಫಿ ಲೋಟ ಇಡಲು ಬಳಸುತ್ತಿದ್ದರು. ರಾಗ ಕಟ್ಟುವವರು ಅದನ್ನು ಮುಟ್ಟಬಾರದು, ಬೆರಳು ಹೋದ ಕಡೆ ರಾಗ ಹೋಗುತ್ತದೆ ಎಂಬುದು ಅವರ ವಾದ. ಮೊದಲ ದಿನವೇ ಒಂದು ಒಳ್ಳೆಯ ಪದ್ಯ ಕೊಡುತ್ತಾರೆಂದು ಕಾದು ಕೂತಿದ್ದೆ. ಅವರು ಕೊಟ್ಟದ್ದು ಒಂದು ರಜಾ ಅರ್ಜಿ. 'ಮಾನ್ಯರೇ, ನನಗೆ ನಿನ್ನೆಯಿಂದ ಜ್ವರ ಬಂದಿರುವುದರಿಂದ ದಯಮಾಡಿ ಒಂದು ದಿನದ ರಜೆ ನೀಡಬೇಕಾಗಿ ಪ್ರಾರ್ಥನೆ.' ನಾನು ನಕ್ಕೆ. ಅವರು ನಗಲಿಲ್ಲ. "ಪದ್ಯ ಆದ್ರೆ ಅದೇ ನಿನ್ನ ಎತ್ಕೊಂಡು ಹೋಗುತ್ತೆ. ಅರ್ಜಿ ಎತ್ಕೊಳಲ್ಲ, ನೀನೇ ನಡೀಬೇಕು. ಜ್ವರ ಬಂದೋಳು ಎಲ್ಲಿ ನಿಲ್ತಾಳೆ, ಎಲ್ಲಿ ಉಸಿರು ಎಳ್ಕೋತಾಳೆ ನೋಡ್ಕೊ. ಅಲ್ಲೇ ರಾಗಾನೂ ನಿಲ್ಲಬೇಕು." ವರ್ಷಗಟ್ಟಲೆ ನಾನು ಅರ್ಜಿಗಳನ್ನೇ ಹಾಡಿದೆ. ಜ್ವರದ್ದಾಯಿತು, ಅಕ್ಕನ ಮದುವೆಯದಾಯಿತು, ವರ್ಗಾವಣೆ ಪತ್ರದ್ದಾಯಿತು. ಮೊನ್ನೆಯ ತೊಟ್ಟಿಯ ಚೀಟಿಗೆ ಬೇರು ಅಲ್ಲಿದೆ.

ಎರಡನೆಯ ನಿಯಮ ಇನ್ನೂ ಕಠಿಣ. ಕಟ್ಟಿದ ರಾಗವನ್ನು ಬರೆದಿಡಬಾರದು, ಟೇಪ್ ಮಾಡಬಾರದು. ಒಂದು ಭಾನುವಾರ ಹಾಡಿದ್ದನ್ನು ಎಂಟು ದಿನ ಹಾಗೆಯೇ ಬಿಟ್ಟು ಮುಂದಿನ ಭಾನುವಾರ ಬಂದು ಹಾಡಬೇಕು. ಉಳಿದರೆ ಅದು ರಾಗ. ಮರೆತಿದ್ದರೆ, "ಹೋಗಿದ್ದು ಒಳ್ಳೇದಾಯ್ತು" ಎಂದು ಕಾಫಿ ಕೊಡುತ್ತಿದ್ದರು. ಉಳಿದದ್ದರಲ್ಲೂ ಅವರಿಗೆ ಸರಿ ಎನ್ನಿಸಿದ್ದನ್ನು ಮಾತ್ರ ಒಂದು ಉದ್ದನೆಯ ರಟ್ಟಿನ ಪುಸ್ತಕದಲ್ಲಿ ಸ್ವರ ಹಾಕಿ ಬರೆದು, ಕೆಳಗೆ ಕಟ್ಟಿದವರ ಹೆಸರು ಹಾಕುತ್ತಿದ್ದರು. ಮೂವತ್ತು ವರ್ಷ ಪಾಠ ಹೇಳಿದ್ದರೂ ಆ ಪುಸ್ತಕ ಇನ್ನೂ ಅರ್ಧವೂ ತುಂಬಿರಲಿಲ್ಲ. ಟೀಚರ್ ಯಾರಿಗೂ ಬಾಯಿಬಿಟ್ಟು ಚೆನ್ನಾಗಿದೆ ಎಂದವರಲ್ಲ. ಆ ಪುಸ್ತಕದಲ್ಲಿ ನನ್ನದೊಂದು ಹಾಡು ಬರಬೇಕು, ಕೆಳಗೆ ನನ್ನ ಹೆಸರು ಬರಬೇಕು. ಮೂರು ವರ್ಷ ನಾನು ಬಯಸಿದ್ದು ಅದೊಂದನ್ನೇ. ಪರೀಕ್ಷೆಯ ಫಸ್ಟ್ ಕ್ಲಾಸನ್ನು ಸಹ ಅಷ್ಟು ಬಯಸಿರಲಿಲ್ಲ ಎಂದರೆ ಈಗ ಹೇಳಲು ನಾಚಿಕೆಯೇನೂ ಇಲ್ಲ.

ಆಸೆಯಿಂದ ಒಮ್ಮೆ ಕಳ್ಳತನವನ್ನೂ ಮಾಡಿದೆ. ಮನೆಯಲ್ಲಿ ಅಪ್ಪನ ಟೇಪ್‌ರೆಕಾರ್ಡರ್ ಇತ್ತು, ಖಾಲಿ ಕ್ಯಾಸೆಟ್ ಇರಲಿಲ್ಲ. ಮಠದ ಸ್ವಾಮಿಗಳ ಪ್ರವಚನದ ಕ್ಯಾಸೆಟ್ಟಿನ ಮೇಲಿದ್ದ ಸಣ್ಣ ತೂತಿಗೆ, ಮತ್ತೆ ಟೇಪ್ ಮಾಡಲು ಬರಲೆಂದು, ಕಾಗದದ ಉಂಡೆ ತುರುಕಿ, ರಜಾ ಅರ್ಜಿಯ ರಾಗವನ್ನು ಪಿಸುದನಿಯಲ್ಲಿ ಹಾಡಿ ಇಟ್ಟೆ. ಸೋಮವಾರ ಸಂಜೆ ಮಠದ ಕಡೆಯ ನಾಲ್ಕು ಜನ ಹಿರಿಯರು ಮನೆಗೆ ಬಂದರು. ಅಪ್ಪ ಭಕ್ತಿಯಿಂದ ಪ್ರವಚನ ಹಾಕಿದರು. 'ಈ ಲೋಕಕ್ಕೆ ಬಂದ ಜೀವ ದೇವರಲ್ಲಿ ಏನನ್ನು ಬೇಡಬೇಕು?' ಎಂದು ಸ್ವಾಮಿಗಳು ಕೇಳಿದರು. ಟೇಪು ಕರಕರ ಎಂದಿತು. 'ಒಂದು ದಿನದ ರಜೆ ನೀಡಬೇಕಾಗಿ ಪ್ರಾರ್ಥನೆ' ಎಂದು ನಾನು ಹಾಡಿದೆ. ಹಿರಿಯರೊಬ್ಬರು ಮೆಚ್ಚಿ ತಲೆಯಾಡಿಸಿದರಂತೆ. ಅಪ್ಪ ಮಾತ್ರ ಒಳಗೆ ಬಂದು, "ಸ್ವಾಮಿಗಳು ಎತ್ಲಾಗೆ ಹೋದ್ರು?" ಎಂದು ಕೇಳಿದರು. ನಾನು ಅಟ್ಟ ಹತ್ತಿ ಕೂತೆ. ಆ ವಾರದ ರಾಗವನ್ನು ಟೀಚರಿಗೆ ಹಾಡಿ ತೋರಿಸುವ ಧೈರ್ಯವಾಗಲಿಲ್ಲ.

ಭಾನುವಾರದ ಬಸ್ಸು ಮಾತ್ರ ನನ್ನ ಸ್ವಂತದ್ದು. ಅರಸೀಕೆರೆ ಬಿಟ್ಟು ಜಾವಗಲ್ ಕಡೆ ತಿರುಗಿದ ಮೇಲೆ ಯಾರೂ ನನ್ನನ್ನು ಏನೂ ಕೇಳುವಂತಿರಲಿಲ್ಲ. ಕಿಟಕಿಗೆ ತಲೆ ಆನಿಸಿದರೆ ಗಾಜು ಒಂದೇ ಶ್ರುತಿಯಲ್ಲಿ ಗುಂಯ್ ಎನ್ನುತ್ತಿತ್ತು. ತೆಂಗಿನ ತೋಟ, ರಾಗಿ ಹೊಲ, ದೂರದ ಗುಡ್ಡ, ಮತ್ತೆ ತೆಂಗಿನ ತೋಟ. ಎಚ್ಚರವೋ ನಿದ್ದೆಯೋ ತಿಳಿಯದ ಆ ಒಂದೂಕಾಲು ಗಂಟೆಯಲ್ಲಿ ಎಷ್ಟೋ ರಾಗಗಳು ತಾವಾಗಿ ಬಂದು ಪಕ್ಕದಲ್ಲಿ ಕೂತು ಎದ್ದು ಹೋಗಿವೆ. ಒಂದು ಸಲ ಕಣ್ಣು ಬಿಟ್ಟರೆ ಹಳೇಬೀಡು ದಾಟಿ ಬೇಲೂರಿನ ಬಸ್ ಸ್ಟ್ಯಾಂಡಿನಲ್ಲಿದ್ದೆ. ಕಂಡಕ್ಟರನ್ನು ದಬಾಯಿಸಿದರೆ, "ನೀವು ಕಣ್ಣು ಮುಚ್ಕೊಂಡು ಅದೇನೋ ಮಂತ್ರ ಹೇಳ್ತಿದ್ರಿ ಕಣ್ರೀ. ಮಧ್ಯ ತಡೀಬಾರ್ದು ಅಂತ ಸುಮ್ಕಾದೆ" ಎಂದ. ಅವನ ಮರ್ಯಾದೆಗೆ ಮೆಚ್ಚಿ ಅದೇ ಬಸ್ಸಿನಲ್ಲಿ ವಾಪಸ್ಸು ಬಂದೆ.

ಒಮ್ಮೊಮ್ಮೆ ಟೀಚರ್ ಪಾಠಕ್ಕೆ ಹತ್ತಿರದ ಹುಲಿಕೆರೆಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿಯ ಕಲ್ಲಿನ ಕೊಳದ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿ, ಒಂದು ಸಾಲು ಹಾಡಿ ಸುಮ್ಮನಿರು ಎನ್ನುತ್ತಿದ್ದರು. ಹಾಡಿದ್ದು ಎದುರಿನ ಪುಟ್ಟ ಗುಡಿಗಳಿಗೆ ತಾಗಿ, ನೀರಿನ ಮೇಲೆ ಸ್ವಲ್ಪ ನಿಂತು ಕರಗುತ್ತಿತ್ತು. ಕರಗುವ ಮೊದಲೇ ನಾನು ಎರಡನೆಯ ಸಾಲು ಎತ್ತುತ್ತಿದ್ದೆ. "ಇನ್ನೂ ಮುಗಿದಿಲ್ಲ" ಎನ್ನುತ್ತಿದ್ದರು ಅವರು. ಮತ್ತೆ ಹಾಡುತ್ತಿದ್ದೆ, ಮತ್ತೆ "ಇನ್ನೂ ಮುಗಿದಿಲ್ಲ." ಕಪ್ಪೆಯೊಂದು ನೀರಿಗೆ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ನನಗೆ ಕೇಳುತ್ತಿದ್ದುದು ನಾಳೆಯ ಟೆಸ್ಟಿನ ಸಮೀಕರಣಗಳು.

ಟೀಚರ ಯಜಮಾನರ ಹೆಸರು ಕೃಷ್ಣಪ್ಪ. ರಸ್ತೆ ಕೆಲಸದ ಮೇಸ್ತ್ರಿಯಾಗಿ ದುಡಿದು ನಿವೃತ್ತರಾದವರು. ಮನೆಯ ತುಂಬ ಹಾಡು ಇದ್ದರೂ ಅವರಿಗೆ ಅದರ ಗೊಡವೆಯೇ ಇರಲಿಲ್ಲ. ಸಾ ಯಾವುದು, ಪಾ ಯಾವುದು ಎಂದು ನಲವತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಕೇಳಿದವರಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಹೊರಗಿನ ಜಗುಲಿಯಲ್ಲಿ ಕಾಲು ಚಾಚಿ ಕೂತು, ತೆಂಗಿನ ಗರಿಯನ್ನು ಚಾಕುವಿನಿಂದ ಹೆರೆದು ಕಡ್ಡಿ ಪೊರಕೆ ಮಾಡುವುದು ಅವರ ಸಂತೋಷ. ಮಾಡಿದ್ದನ್ನು ಬಂದವರಿಗೆಲ್ಲ ಕೊಟ್ಟುಬಿಡುವರು. ಬೇಡ ಎಂದರೆ ಮುಖ ಚಿಕ್ಕದು ಮಾಡಿಕೊಳ್ಳುವರು. ಅರಸೀಕೆರೆಯ ನಮ್ಮ ಮನೆಯಲ್ಲಿ ಆಗ ಏಳು ಪೊರಕೆಗಳಿದ್ದವು. ಅವ್ವ, "ಸಂಗೀತ ಕಲೀತಾಳೋ, ಗುಡಿಸೋದು ಕಲೀತಾಳೋ" ಎಂದು ಕೇಳುತ್ತಿದ್ದರು.

ಮೂರನೆಯ ವರ್ಷದ ಕೊನೆಗೆ, ಪರೀಕ್ಷೆ ಹತ್ತಿರ ಬಂದಾಗ, ಟೀಚರ್ ನನ್ನ ಕೈಗೆ ಒಂದು ಹಳೆಯ ಹಾಳೆ ಕೊಟ್ಟರು. ನಾಲ್ಕೇ ಸಾಲು.

ಕೆರೆಯ ಏರಿ ಮೇಲೆ ಯಾರೋ
ದೀಪ ಹಿಡಿದು ಹೋದರು
ಕರೆಯಲೆಂದು ಬಾಯಿ ತೆರೆದೆ
ಹೆಸರೆ ಮರೆತು ಹೋಯಿತು

"ಯಾರದು ಟೀಚರ್?" ಎಂದೆ. "ಯಾರದೋ" ಎಂದರು. ಅಕ್ಷರ ಅವರದೇ ಆಗಿತ್ತು. ಅಂತೂ ನನ್ನ ಪಾಲಿಗೆ ಅರ್ಜಿಗಳು ಮುಗಿದು ಪದ್ಯ ಬಂದಿತ್ತು. ಮೂರು ವಾರ ಆ ಸಾಲುಗಳನ್ನು ಬಾಯಲ್ಲಿಟ್ಟುಕೊಂಡು ತಿರುಗಿದೆ. ಕೊನೆಗೊಂದು ಭಾನುವಾರ, ಬಸ್ಸಿನಲ್ಲಿ, ರಾಗ ಪೂರ್ತಿಯಾಗಿ ಬಂತು. ಟೀಚರ ಮುಂದೆ ಕೂತು ಹಾಡಿದೆ. ಇನ್ನೊಮ್ಮೆ ಎಂದರು. ಮತ್ತೂ ಒಮ್ಮೆ ಎಂದರು. ಹೀಗೆ ಹತ್ತು ಸಲವಾದರೂ ಹಾಡಿಸಿದರು. ಬಾಗಿಲಾಚೆ ಕೃಷ್ಣಪ್ಪನವರ ಚಾಕು ಸರ್ರ್ ಸರ್ರ್ ಎನ್ನುತ್ತಿತ್ತು. "ಮೂರನೇ ಸಾಲು ಇನ್ನೂ ಓಡುತ್ತೆ" ಎಂದರು ಟೀಚರ್. "ಆದ್ರೆ ಇರಲಿ. ಎಂಟು ದಿನ ನೋಡೋಣ." ಅವರು ಆದ್ರೆ ಇರಲಿ ಎಂದದ್ದು ಮೂರು ವರ್ಷದಲ್ಲಿ ಅದೇ ಮೊದಲು. ಬಸ್ಸಿನಲ್ಲಿ ನನಗೆ ಕಾಲು ನೆಲದ ಮೇಲೆ ಇರಲಿಲ್ಲ.

ಆ ಎಂಟು ದಿನ ಏನಾಯಿತೆಂದು ಕೇಳಬೇಡಿ. ಮುಂದಿನ ಸೋಮವಾರ ಬೆಳಿಗ್ಗೆ ಕೊನೆಯ ಪರೀಕ್ಷೆ, ಕೆಮಿಸ್ಟ್ರಿ ಪ್ರಾಕ್ಟಿಕಲ್ ಎಂದು ನೋಟಿಸ್ ಬೋರ್ಡಿನಲ್ಲಿ ಬಂತು. ಕೊಟ್ಟ ಪುಡಿ ಯಾವುದೆಂದು ಕಂಡುಹಿಡಿಯಲು ಒಂದಾದ ಮೇಲೊಂದು ಮಾಡಬೇಕಾದ ಪರೀಕ್ಷೆಗಳ ಪಟ್ಟಿ ನಾಲ್ಕು ಪುಟ ಇತ್ತು. ಸುಲಭವಾಗಿ ಬಾಯಿಪಾಠವಾಗಲೆಂದು ಬುದ್ಧಿವಂತಿಕೆಯಿಂದ ಅದಕ್ಕೆ ರಾಗ ಹಾಕಿದೆ. ಬಾಯಿಪಾಠವೇನೋ ಆಯಿತು. ಶನಿವಾರ ಬೆಳಿಗ್ಗೆ ಹಲ್ಲುಜ್ಜುತ್ತ ನನ್ನ ಹಾಡನ್ನು ಎತ್ತಿಕೊಂಡರೆ ಬಂದದ್ದು ಸಲ್ಫ್ಯೂರಿಕ್ ಆಸಿಡ್. ಇನ್ನೊಮ್ಮೆ ಎತ್ತಿದೆ. ಮತ್ತೆ ಆಸಿಡ್. ನಾಲ್ಕು ಸಾಲಿನ ಮಾತುಗಳೆಲ್ಲ ಇದ್ದವು, ರಾಗ ಮಾತ್ರ ಗುರುತೇ ಇಲ್ಲದಂತೆ ಹೋಗಿಬಿಟ್ಟಿತ್ತು.

ಭಾನುವಾರ ನಾನು ಹಳೇಬೀಡಿಗೆ ಹೋಗುವುದು ಬೇಡ ಎಂದೇ ಅಪ್ಪ ಹೇಳಿದರು. "ನಾಳೆ ಪರೀಕ್ಷೆ ಮಡಿಕ್ಕಂಡು ಎಲ್ಲಿಗೆ ಹೊಂಟೆ?" ನಾನು ಚಪ್ಪಲಿ ಹಾಕಿಕೊಂಡೆ. ಡಿಗ್ರಿಯ ಕೊನೆಯ ಭಾನುವಾರ ಅದು, ಅವರ ತೀರ್ಪಿನ ಪ್ರಕಾರ ಇನ್ನು ಬಸ್ಸಿಲ್ಲ. ದಾರಿಯುದ್ದಕ್ಕೂ ಕಿಟಕಿಯ ಗಾಜಿಗೆ ಕಿವಿಯಿಟ್ಟು ಬೇಡಿಕೊಂಡೆ. ಗುಂಯ್ ಎಂದಿತೇ ಹೊರತು ಏನೂ ಹೇಳಲಿಲ್ಲ.

ಟೀಚರ್ ರಟ್ಟಿನ ಪುಸ್ತಕವನ್ನು ಹೊರಗೆ ತೆಗೆದು ಹಾರ್ಮೋನಿಯಂ ಮೇಲೆ ಇಟ್ಟುಕೊಂಡು ಕೂತಿದ್ದರು. ಅದನ್ನು ನೋಡಿದ್ದೇ ನನಗೆ ಅಳು ಬಂತು. "ಮರೆತೆ ಟೀಚರ್" ಎಂದೆ. ಅವರು ಪುಸ್ತಕವನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿದರು.

"ನಿಮಗೆ ನೆನಪಿಲ್ವಾ? ಹತ್ತು ಸಲ ಹಾಡಿಸಿದ್ರಿ."

"ನಿಮ್ಮೆಲ್ಲರ ರಾಗಾನೂ ತಲೇಲಿ ಇಟ್ಕೊಂಡ್ರೆ ಸಾರಿಗೆ ಉಪ್ಪು ಹಾಕೋರು ಯಾರು? ನಾನು ಬೇಕಂತಲೇ ಮರೀತೀನಿ" ಎಂದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, "ಹೋಗಿದ್ದು ಒಳ್ಳೇದಾಯ್ತು ಅಂತ ಇವತ್ತು ಹೇಳೋಕೆ ಆಗ್ತಿಲ್ಲ ಕಣೇ. ಏಳು, ಊಟ ಮಾಡು" ಎಂದರು.

ಅರ್ಧ ಊಟಕ್ಕೇ ಎದ್ದೆ. ಕೈ ತೊಳೆಯಲು ಹಿತ್ತಲಿಗೆ ಹೋಗಿ ಹಿಂದಿರುಗುತ್ತಿದ್ದಾಗ, ನಡುಮನೆಯ ಮಧ್ಯದಲ್ಲಿ, ಕಾಲು ನಿಂತುಹೋಯಿತು. ಹೊರಗಿನ ಜಗುಲಿಯಿಂದ, ಚಾಕುವಿನ ಸರ್ರ್ ಸರ್ರ್ ನಡುವೆ, ಬಾಯಿ ಮುಚ್ಚಿಕೊಂಡೇ ಯಾರೋ ಗುನುಗುತ್ತಿದ್ದರು. ಮೊದಲನೆಯ ಸಾಲು. ನನ್ನದೇ ಮೊದಲನೆಯ ಸಾಲು.

ನಾನು ಒಂದೇ ಓಟಕ್ಕೆ ಜಗುಲಿಗೆ ಹೋದೆ. "ಇನ್ನೊಂದ್ಸಲ ಹಾಡಿ" ಎಂದೆ. ಕೃಷ್ಣಪ್ಪನವರು ಬೆಚ್ಚಿಬಿದ್ದು ಚಾಕು ಕೆಳಗಿಟ್ಟರು. "ಏನ್ ಮಗ? ನಾನೆಲ್ಲಿ ಹಾಡ್ದೆ? ಹಾಡು ಗೀಡು ನಂಗೆಲ್ಲಿ ಬತ್ತದೆ?" ನಾನು ಬಿಡಲಿಲ್ಲ. ಅವರು ನನ್ನ ಮುಖ ನೋಡಿ ಕನಿಕರಪಟ್ಟು, ಗಂಟಲು ಸರಿಮಾಡಿಕೊಂಡು, ರಸ್ತೆಯ ಕೂಲಿಗಳನ್ನು ಕೂಗಿದ ಹಾಗೆ ಏನೋ ಒಂದನ್ನು ಕೂಗಿದರು. ಅದರಲ್ಲಿ ನನ್ನ ಹಾಡಿನ ಒಂದು ಎಳೆಯೂ ಇರಲಿಲ್ಲ. ಅವರಿಗೇ ನಾಚಿಕೆಯಾಗಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಟೀಚರ್ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು. "ಕೆಡಿಸ್ದೆ" ಎಂದು ಪಿಸುಗುಟ್ಟಿದರು. "ಅವರಿಗೆ ಅದು ಗೊತ್ತಿಲ್ಲ ಕಣೇ. ಕೈಗೆ ಗೊತ್ತು, ಅಷ್ಟೇ. ಕೈ ಆಡಿದ್ರೆ ಬರುತ್ತೆ." ಆಮೇಲೆ ಜಗುಲಿಗೆ ಕೇಳುವ ಹಾಗೆ ಜೋರಾಗಿ, "ರೀ, ಗಿರಿಜಾ ಮನೆಗೆ ಇನ್ನೊಂದು ಪೊರಕೆ ಬೇಕಂತೆ" ಎಂದರು. ಮನೆಯ ಏಳೂ ಪೊರಕೆ ಕಣ್ಣ ಮುಂದೆ ಬಂದವು. "ಹೌದು, ಅವ್ವ ಕೇಳಿದ್ರು" ಎಂದೆ.

"ಅದುಕ್ಕೇನ್ ಮಗ, ಈಗ್ಲೇ ಮಾಡಿಕೊಡ್ತೀನಿ. ಹಿತ್ಲಲ್ಲಿ ಒಳ್ಳೆ ಗರಿ ಐತೆ" ಎಂದು ಅವರು ಉತ್ಸಾಹದಿಂದ ಎದ್ದರು.

ನಾವಿಬ್ಬರೂ ಬಾಗಿಲ ಹಿಂದೆ, ಗೋಡೆಗೆ ಒರಗಿ, ನೆಲದ ಮೇಲೆ ಕೂತೆವು. ಟೀಚರ ಮಡಿಲಲ್ಲಿ ರಟ್ಟಿನ ಪುಸ್ತಕ, ಕೈಯಲ್ಲಿ ಪೆನ್ನು. ಅವರು ಬಳೆ ಸದ್ದಾಗದಂತೆ ಮೊಣಕೈವರೆಗೆ ಏರಿಸಿಕೊಂಡಿದ್ದರು. ಗಂಟೆ ಎರಡೂವರೆ. ನನ್ನ ಬಸ್ಸು ಮೂರೂವರೆಗೆ, ಅದು ತಪ್ಪಿದರೆ ಮನೆ ಸೇರುವುದು ಯಾವಾಗಲೋ, ಬೆಳಗಾದರೆ ಪರೀಕ್ಷೆ. ಹೊರಗೆ ಸರ್ರ್ ಎಂದಿತು. ಮತ್ತೆ ಸರ್ರ್. ಗುನುಗು ಇಲ್ಲ. ದೇವಸ್ಥಾನದ ಕಡೆಯಿಂದ ಪ್ರವಾಸಿಗಳ ಬಸ್ಸಿನ ಹಾರ್ನ್ ಕೇಳಿಸಿತು. ನಡುಮನೆಯ ಗಡಿಯಾರ ಮೂರು ಹೊಡೆಯಿತು. ಕೃಷ್ಣಪ್ಪನವರು ಕೆಮ್ಮಿದರು, ನೀರು ಕುಡಿದರು, ಬೀದಿಯಲ್ಲಿ ಹೋಗುತ್ತಿದ್ದ ಯಾರನ್ನೋ ಮಾತಾಡಿಸಿದರು. ಬಿಸಿಲು ಹೊಸ್ತಿಲ ಮೇಲೆ ಒಂದು ಬೆರಳಿನಷ್ಟು ಸರಿಯಿತು. ನಾನು ಮೊದಲು ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದೆ. ಆಮೇಲೆ ಯಾವಾಗಲೋ ನೋಡುವುದನ್ನು ಬಿಟ್ಟೆ. ಟೀಚರ ಉಸಿರು, ನನ್ನ ಉಸಿರು, ಹೊರಗಿನ ಚಾಕು. ನಾಲ್ಕು ಪುಟದ ಪಟ್ಟಿ ತಲೆಯಿಂದ ಇಳಿದುಹೋಗಿತ್ತು. ಅಷ್ಟು ಸುಮ್ಮನೆ ನಾನು ಆವರೆಗೆ ಎಲ್ಲಿಯೂ ಕೂತಿರಲಿಲ್ಲ.

ಆಗ ಬಂತು. ಮೊದಲನೆಯ ಸಾಲು, ಎರಡನೆಯ ಸಾಲು. ಟೀಚರ ಪೆನ್ನು ಓಡಿತು. ಅದನ್ನು ಕೇಳಿದ ಕೂಡಲೇ ಉಳಿದದ್ದೆಲ್ಲ, ಮೂರನೆಯದು ನಾಲ್ಕನೆಯದು, ನನ್ನೊಳಗೆ ತಾನಾಗಿ ಬಿಚ್ಚಿಕೊಂಡಿತು. ಆದರೆ ಕೃಷ್ಣಪ್ಪನವರು ಮೂರನೆಯ ಸಾಲನ್ನು ನನ್ನ ಹಾಗೆ ಹಾಡಲಿಲ್ಲ. 'ಕರೆಯಲೆಂದು' ಎಂಬುದು ಬರುವ ಜಾಗದವರೆಗೆ ಬಂದು ನಿಂತರು. ಚಾಕು ಯಾವುದೋ ಗಂಟಿಗೆ ಸಿಕ್ಕಿತ್ತೋ ಏನೋ. ಒಂದು ಉಸಿರು, ಎರಡು ಉಸಿರು. ನಾನು ಕಾದೆ. ಆಮೇಲೆ, ನಾನು ಏರಿದ್ದ ಕಡೆ 'ಬಾಯಿ ತೆರೆದೆ' ಎಂಬುದನ್ನು ಮೆಲ್ಲಗೆ ಇಳಿಸಿ, ನಾಲ್ಕನೆಯ ಸಾಲಿಗೆ ಸೇರಿಕೊಂಡರು. ಕರೆಯಲು ಹೋಗಿ ಹೆಸರು ಮರೆತವರು ಹಾಗಲ್ಲದೆ ಇನ್ನು ಹೇಗೆ ಹಾಡಿಯಾರು?

ಟೀಚರ ಪೆನ್ನು ಎರಡನೆಯ ಸಾಲಿನ ಕೊನೆಯಲ್ಲಿ ನಿಂತಿತ್ತು.

"ನಿನ್ನದು ಇಲ್ಲಿ ಓಡ್ತಿತ್ತು, ಹಿಂಗೆ ನಿಲ್ತಿರಲಿಲ್ಲ" ಎಂದು ಪಿಸುಗುಟ್ಟಿದರು.

"ಇಲ್ಲ ಟೀಚರ್."

"ನಿನ್ನದು ನೆನಪಾಯ್ತಾ ಈಗ?"

"ಆಯ್ತು."

"ಯಾವುದು ಬರೀಲಿ?"

ನನ್ನದನ್ನೇ ಬರೆಯಿಸಿಬಿಡಬಹುದಿತ್ತು. ಪೂರ್ತಿ ಹಾಡು ನನ್ನದಾಗುತ್ತಿತ್ತು, ಮೂರು ವರ್ಷ ಬಯಸಿದ ಜಾಗದಲ್ಲಿ ನನ್ನದೊಂದೇ ಹೆಸರು. ಆಸೆಯಾಗಲಿಲ್ಲ ಎಂದರೆ ಸುಳ್ಳು. ನಾನು ಬಾಗಿಲ ಸಂದಿಯಿಂದ ನೋಡಿದೆ. ಅವರು ಮೂಗಿನ ಮೇಲೆ ಕನ್ನಡಕ ಇಳಿಸಿಕೊಂಡು ಹೊಸ ಗರಿ ಆರಿಸುತ್ತಿದ್ದರು.

"ಅವರದು ಬರೀರಿ" ಎಂದೆ.

ಟೀಚರ್ ಬರೆದರು. ಮೂರನೆಯ ಸಾಲಿನ ನಡುವೆ ಒಂದು ಖಾಲಿ ಜಾಗ ಬಿಟ್ಟು ಬರೆದರು. ಕೆಳಗೆ 'ಗಿರಿಜಾ, ಕೃಷ್ಣಪ್ಪ' ಎಂದು ಒಂದೇ ಅಳತೆಯ ಅಕ್ಷರದಲ್ಲಿ ಹಾಕಿದರು. "ಅವರಿಗೆ ಹೇಳಬೇಡ. ಗೊತ್ತಾದ್ರೆ ಇನ್ನು ಬಾಯೇ ಬಿಡಲ್ಲ" ಎಂದರು. ನಾನು ಹೇಳಲಿಲ್ಲ, ಟೀಚರೂ ಹೇಳಿದ ಹಾಗಿಲ್ಲ. "ಎಂಟು ದಿನ ಉಳೀಬೇಕು ಅಂದಿದ್ದೆ, ಯಾರ ಹತ್ರ ಅಂತ ಹೇಳಿರಲಿಲ್ಲ" ಎಂದು ತಮ್ಮಷ್ಟಕ್ಕೆ ನಕ್ಕರು. ಆಮೇಲೆ ಪೆನ್ನಿನ ಮುಚ್ಚಳ ಹಾಕುತ್ತ, ನನ್ನ ಕಡೆ ನೋಡದೆ, "ಇನ್ನು ನಿಂಗೆ ರಾಗ ಹಾಕೋದು ಬರುತ್ತೆ. ಓಡು, ಬಸ್ ಹೋಗುತ್ತೆ" ಎಂದರು.

ಜಗುಲಿ ದಾಟುವಾಗ ಕೃಷ್ಣಪ್ಪನವರು, "ತಡಿ ಮಗ, ಇನ್ನೂ ಕಟ್ಟಿಲ್ಲ" ಎಂದು ಕೂಗಿದರು. ಅವರ ಕಾಲಿಗೆ ಬಗ್ಗಿ ನಮಸ್ಕಾರ ಮಾಡಿ ಓಡಿದೆ. ಪರೀಕ್ಷೆಗೆ ಹೋಗುವ ಹುಡುಗಿ ಎಂದುಕೊಂಡು, "ಪಾಸಾಗ್ತೀಯ ಹೋಗು" ಎಂದರು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತು ಹಾಡನ್ನು ಎತ್ತಿಕೊಂಡೆ. ಬಂತು. ಮೂರನೆಯ ಸಾಲಿನಲ್ಲಿ ಅವರು ನಿಂತಲ್ಲಿ ನಾನೂ ನಿಂತೆ. ಜಾವಗಲ್ ದಾಟಿದ ಮೇಲೆ, ನನ್ನದು ಹೇಗಿತ್ತು ನೋಡೋಣ ಎಂದು ಒಮ್ಮೆ ಪ್ರಯತ್ನಿಸಿದೆ. ಅದು ಆಗಲೇ ಹೋಗಿಬಿಟ್ಟಿತ್ತು. ಇವತ್ತಿಗೂ ಹಿಂದಿರುಗಿ ಬಂದಿಲ್ಲ, ನಾನು ಹುಡುಕಲೂ ಇಲ್ಲ.